ನಾ ಮಾಡಿದರೆ ಡಿಐವೈ, ಕಾಕಾ ಮಾಡಿದರೆ ಜುಗಾಡ್

ಕಳೆದ ತಿಂಗಳು ಆಫೀಸಿನ ಪಾರ್ಕಿಂಗಿನಲ್ಲಿ ನನ್ನ ಕಾರಿನ ಬಾಗಿಲು ತೆಗೆದು ಐದಾರು ಜನ ಬಗ್ಗಿ ನೋಡ್ತಾ ನಿಂತಿದ್ದರು. ಕಾರು ಹೊಸದಲ್ಲ, ಎಂಟು ವರ್ಷ ಹಳೇದು. ಅವರು ನೋಡ್ತಾ ಇದ್ದದ್ದು ಎಸಿ ಗಾಳಿ ಬರೋ ಕಿಂಡಿಯ ಮುಂದೆ ನಾನು ಕೂರಿಸಿದ್ದ ಒಂದು ಅಂಗೈಯಗಲದ ಸ್ಟ್ಯಾಂಡು. ಫೋನ್ ಇಟ್ಟರೆ ಸಾಕು, ವೈರ್ ಚುಚ್ಚದೇ ಚಾರ್ಜ್ ಆಗುತ್ತೆ. "ಮನೇಲೇ ಮಾಡಿದ್ಯಾ? ನೀನು ಪಕ್ಕಾ ಮೇಕರ್ ಕಣೋ, ಡಿಐವೈ ಚಾನೆಲ್ ಶುರು ಮಾಡು" ಅಂದರು. ನಾನು ಉಬ್ಬಿದೆ.

ಸಂಜೆ ಚಹಾ ಕುಡಿಯುವಾಗ ಮನಸ್ಸು ತಡೆಯಲಿಲ್ಲ. ನಿಜ ಹೇಳಿದೆ. ನಾನು ಮಾಡಿದ್ದು ಕೆಟ್ಟಿತ್ತು, ಕೆಲಸ ಮಾಡೋ ಹಾಗೆ ಮಾಡಿಕೊಟ್ಟದ್ದು ಮೂಡಲಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರೋ ನಮ್ಮ ಕಾಕಾ ಅಂತ. ಬೆಳಿಗ್ಗೆ ಮೇಕರ್ ಅಂದಿದ್ದ ಅದೇ ಗೆಳೆಯ ನಕ್ಕ: "ಓಹ್, ಹಾಗಾದ್ರೆ ಜುಗಾಡ್ ಅನ್ನು!"

ಅದೇ ತಂತಿ, ಅದೇ ಬೆಸುಗೆ, ಅದೇ ಸ್ಟ್ಯಾಂಡು. ನನ್ನ ಹೆಸರಿದ್ದಾಗ ಡಿಐವೈ, ಕಾಕಾನ ಹೆಸರು ಬಂದ ಕೂಡಲೇ ಜುಗಾಡ್. ಈ ಬರಹ ಆ ಒಂದು ಶಬ್ದದ ಮೇಲಿನ ಜಗಳ. ಅವತ್ತು ಅವನ ಜೊತೆ ನಾನೂ ನಕ್ಕಿದ್ದೆ, ಹಾಗಾಗಿ ಮೊದಲ ಏಟು ನನಗೇ ಬೀಳಲಿ.

ಏನಾಯ್ತು ಅಂತ ಮೊದಲು ಹೇಳಿಬಿಡ್ತೀನಿ. ವೈರ್‌ಲೆಸ್ ಚಾರ್ಜಿಂಗ್ ಅನ್ನೋದು ಮಾಯೆ ಅಲ್ಲ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ಸಂಗತಿಯೇ. ಒಂದು ಸುರುಳಿಯಲ್ಲಿ ಕರೆಂಟು ದಿಕ್ಕು ಬದಲಿಸ್ತಾ ಹರಿದರೆ ಪಕ್ಕದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತೆ. ಊರ ಕಂಬದ ಮೇಲಿನ ಟಿ.ಸಿ.ಯೂ ಇದೇ ಜಾತಿ. ಅಲ್ಲಿ ಎರಡು ಸುರುಳಿಗಳ ನಡುವೆ ಕಬ್ಬಿಣದ ತಿರುಳು ಇದೆ, ಇಲ್ಲಿ ಫೋನಿನ ಬೆನ್ನು ಇದೆ, ಅಷ್ಟೇ. 2008ರಲ್ಲಿ ಶುರುವಾದ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಇದಕ್ಕೊಂದು ಮಾನದಂಡ ಮಾಡಿತು. ಬರೆಯೋದು ಕ್ಯೂಐ, ಓದೋದು 'ಚೀ'. ಇದನ್ನ ಕೇಳಿ ಕಾಕಾ ಬಿದ್ದು ಬಿದ್ದು ನಕ್ಕಿದ್ದ. "ಇಷ್ಟ್ ಚಂದನ್ ಸಾಮಾನಿಗೆ ಛೀ ಅಂತ ಹೆಸರಿಟ್ಟಾರೇನೋ ತಮ್ಮಾ!"

ನಾನು ಆನ್‌ಲೈನಿನಲ್ಲಿ ಐದು ವ್ಯಾಟಿನ ಬೋರ್ಡು ಮತ್ತು ಕಾಯ್ಲ್ ತರಿಸಿದೆ. ಹಳೇ ಸ್ಟ್ಯಾಂಡಿನೊಳಗೆ ಕಾಯ್ಲ್ ಕೂರಲಿಲ್ಲ. ಅದರ ಹಿಂದೆ ಅಂಟಿಸಿದ್ದ ಕರಿ ಹಾಳೆ ಕಿತ್ತೆ. ಗಟ್ಟಿ ಇರಲಿ ಅಂತ ಅಲ್ಲಿ ಒಂದು ಉಕ್ಕಿನ ಪಟ್ಟಿ ಹಾಕಿದೆ. ಕಾಯ್ಲಿನ ತಂತಿ ಗಿಡ್ಡ ಆಯ್ತು, ಕತ್ತರಿಸಿ ಇನ್ನೊಂದು ತುಂಡು ಬೆಸೆದೆ. ಡ್ರಾಯರಿನಲ್ಲಿದ್ದ ಒಂದು ಆಂಪಿಯರಿನ ಹಳೇ ಅಡಾಪ್ಟರಿಗೆ ಜೋಡಿಸಿದೆ. ಫೋನ್ ಇಟ್ಟೆ, ಚಾರ್ಜಿಂಗ್ ಗುರುತು ಬಂತು. ನನ್ನಂಥ ಇಂಜಿನಿಯರ್ ಇಲ್ಲ ಅಂದುಕೊಂಡು ಯುಗಾದಿಗೆ ಊರ ಕಡೆ ಹೊರಟೆ.

ಧಾರವಾಡ ದಾಟಿ ಯರಗಟ್ಟಿ ಬರೋ ಹೊತ್ತಿಗೆ ಫೋನು ಹೆಂಚಿನಂಗೆ ಕಾದಿತ್ತು, ಬ್ಯಾಟರಿ ಏರೋ ಬದಲು ಇಳಿದು ಒಂಬತ್ತಕ್ಕೆ ಬಂದಿತ್ತು. ಸ್ಟ್ಯಾಂಡಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ. ಕಿತ್ತು ಪಕ್ಕಕ್ಕಿಟ್ಟು, ಸೀದಾ ಕಾಕಾನ ಅಂಗಡಿಗೆ ಹೋದೆ.

ನಮ್ಮ ಕಡೆ ವೈಂಡಿಂಗ್ ಅಂಗಡಿ ಅಂದ್ರೆ ಏನು ಅಂತ ಬೆಂಗಳೂರಲ್ಲೇ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಅಂದ್ರೆ ಘಟಪ್ರಭಾ ನೀರು, ಕಬ್ಬು, ಪಂಪ್‌ಸೆಟ್ಟು. ಮೂರರಲ್ಲಿ ಒಂದು ಫೇಸ್ ಹೋದರೆ, ವೋಲ್ಟೇಜ್ ಬಿದ್ದರೆ ಮೋಟರ್ ಸುಡುತ್ತೆ. ಬೇಸಿಗೆಯಲ್ಲಿ ಸುಟ್ಟ ಮೋಟರ್ ಎರಡು ದಿನ ತಡ ಆದರೆ ಕಬ್ಬು ಬಾಡುತ್ತೆ. ಆಗ ರೈತ ಓಡೋದು ಕಂಪನಿಯ ಕಸ್ಟಮರ್ ಕೇರಿಗಲ್ಲ, ಇಂಥ ಅಂಗಡಿಗೆ. ಅವರು ಸುಟ್ಟ ತಂತಿ ಬಿಚ್ಚಿ ಸುತ್ತು ಎಣಿಸ್ತಾರೆ, ಗೇಜ್ ಅಳೀತಾರೆ, ಸ್ಲಾಟಿಗೆ ಹೊಸ ಕಾಗದ ಇಟ್ಟು ಹೊಸ ತಾಮ್ರ ತುಂಬಿ ವಾರ್ನಿಶ್ ಹಾಕಿ ಒಣಗಿಸ್ತಾರೆ. ಕಾಕಾನ ಹತ್ತಿರ ಎಣ್ಣೆ ಹತ್ತಿದ ಒಂದು ನೋಟ್‌ಬುಕ್ ಇದೆ. ಯಾವ ಮೋಟರಿಗೆ ಎಷ್ಟು ಸ್ಲಾಟು, ಎಷ್ಟು ಸುತ್ತು, ಯಾವ ಗೇಜು, ಎಲ್ಲ ಅದರಲ್ಲಿದೆ. ನಾವು ಇಂಥದ್ದಕ್ಕೆ ಡೇಟಾಬೇಸ್ ಅಂದು ಸಂಬಳ ತಗೋತೀವಿ.

ಕಾಕಾ ಸ್ಟ್ಯಾಂಡ್ ಬಿಚ್ಚಿದ. ಒಂದು ನಿಮಿಷ ನೋಡಿದ.

"ಈ ಕಬ್ಬಿಣ ಪಟ್ಟಿ ಯಾಕ ಹಾಕೀಯೋ?"

"ಗಟ್ಟಿ ಇರ್ಲಿ ಅಂತ, ಕಾಕಾ."

"ಮೋಟರ್‌ದಾಗ ಗಟ್ಟಿ ಕಬ್ಬಿಣ ಇಡದ ತೆಳ್ಳನ್ ಸ್ಟ್ಯಾಂಪಿಂಗ್ ಒಂದರ ಮ್ಯಾಲ ಒಂದ್ ಜೋಡಸ್ತಾರ. ಯಾಕ ಹೇಳು?"

ನನಗೆ ಗೊತ್ತಿತ್ತು. ಎಡ್ಡಿ ಕರೆಂಟ್. ಬಿಇ ಮೊದಲ ವರ್ಷದಲ್ಲಿ ಐದು ಮಾರ್ಕಿಗೆ ಬರೆದಿದ್ದೆ. ಬದಲಾಗುವ ಅಯಸ್ಕಾಂತ ಕ್ಷೇತ್ರದೊಳಗೆ ಗಟ್ಟಿ ಲೋಹ ಇಟ್ಟರೆ ಅದರೊಳಗೇ ಕರೆಂಟು ಸುಳಿ ಸುತ್ತಿ ಕಾಯುತ್ತೆ. ಉತ್ತರ ಪತ್ರಿಕೆಯಲ್ಲಿ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ನಾನು ಕಿತ್ತ ಕರಿ ಹಾಳೆ ಫೆರೈಟ್. ಕ್ಷೇತ್ರ ಹಿಂದಕ್ಕೆ ಸೋರದಂತೆ ಹಿಡಿಯೋದೇ ಅದರ ಕೆಲಸ. ಪುಣ್ಯಕ್ಕೆ ಕಾರಿನ ಖಾನೆಯಲ್ಲಿ ಬಿದ್ದಿತ್ತು.

ಆಮೇಲೆ ಬೆಸುಗೆ. ಈ ಕಾಯ್ಲಿನ ತಂತಿ ಒಂಟಿ ಎಳೆ ಅಲ್ಲ. ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸೋ ಕರೆಂಟು ತಂತಿಯ ಹೊರಮೈಯಲ್ಲೇ ಹರಿಯಲು ನೋಡುತ್ತೆ. ಅದಕ್ಕೇ ಕೂದಲಿನಂಥ ಎಳೆಗಳನ್ನ ಒಂದೊಂದಕ್ಕೂ ಎನಾಮಲ್ ಬಳಿದು ಹೊಸೆದಿರ್ತಾರೆ. ಕಾಕಾ ಲಿಟ್ಸ್ ತಂತಿ ಅನ್ನೋ ಹೆಸರು ಕೇಳಿರಲಿಲ್ಲ. ಆದರೆ ಕನ್ನಡಕ ಏರಿಸಿ ನೋಡಿ ಹೇಳಿದ: "ಎನಾಮಲ್ ಹೋಗೇ ಇಲ್ಲ ತಮ್ಮಾ. ನಾಕ್ ಎಳಿ ಹತ್ಯಾವು, ಉಳದಾವೆಲ್ಲ ಸುಮ್ಮ ಕುಂತಾವು. ಆ ನಾಕರ ಮ್ಯಾಲ ಎಲ್ಲಾ ಭಾರ." ಬ್ಲೇಡಿನಿಂದ ನಯವಾಗಿ ಕೆರೆದ, ಸೀಸ ಹಿಡಿಸಿದ, ಮತ್ತೆ ಬೆಸೆದ.

ಮೂರನೇದು ಅಡಾಪ್ಟರು. ಐದು ವೋಲ್ಟು, ಒಂದು ಆಂಪಿಯರು ಅಂದ್ರೆ ಐದು ವ್ಯಾಟು. ಗಾಳಿಯಲ್ಲಿ ದಾಟುವಾಗ ಅದರಲ್ಲೂ ಒಂದಿಷ್ಟು ಶಾಖವಾಗಿ ಹೋಗುತ್ತೆ. ಮ್ಯಾಪು, ಪರದೆ, ನೆಟ್ಟು ಸೇರಿ ಉಳಿದದ್ದನ್ನೂ ತಿಂತಾವೆ. "ಬಾವ್ಯಾಗ ನೀರ್ ಎಷ್ಟೈತಿ ನೋಡದ ಪಂಪ್ ಇಳಿಸಿಯಲ್ಲೋ" ಅಂದ. ದೊಡ್ಡ ಅಡಾಪ್ಟರು, ದಪ್ಪ ವೈರು, ಬೇರೆಯದೇ ಒಂದು ಫ್ಯೂಜು ಹಾಕಿಸಿದ. ಫ್ಯೂಜ್ ಬೇಡ ಬಿಡು ಅಂದದ್ದಕ್ಕೆ ಬೈದ. ಸ್ಟ್ಯಾಂಡನ್ನ ಡ್ಯಾಶ್‌ಬೋರ್ಡಿನ ಬಿಸಿಲಿನಿಂದ ತೆಗೆದು ಎಸಿ ಕಿಂಡಿಯ ಮುಂದಕ್ಕೆ ತಂದದ್ದೂ ಅವನೇ. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು ಅಂತ ಲೇಖನ ಓದಿದ್ದವನು ನಾನು.

ಇದು ಜುಗಾಡ್ ಏನ್ರೀ? ಜುಗಾಡ್ ಅಂದ್ರೆ ಹೆಂಗೋ ಒಂದು ಹೊಂದಿಸಿ ದಾಟಿಸಿಬಿಡೋದು, ಯಾಕೆ ನಡೀತು ಅಂತ ಗೊತ್ತಿಲ್ಲದೇ ನಡೆಸೋದು. ಆ ಲೆಕ್ಕದಲ್ಲಿ ಜುಗಾಡ್ ಮಾಡಿದ್ದು ನಾನು, ಬಿಇ ಓದಿದವನು. ಕಾರಣ ಹುಡುಕಿ, ಒಂದೊಂದೇ ತಪ್ಪು ಬೇರೆ ಮಾಡಿ, ಸುರಕ್ಷತೆ ನೋಡಿ ಸರಿಪಡಿಸಿದ್ದು ಕಾಕಾ. ನಮ್ಮ ಭಾಷೆಯಲ್ಲಿ ಅದಕ್ಕೆ ಇಂಜಿನಿಯರಿಂಗ್ ಅಂತಾರೆ. ನಾವು ಶಬ್ದಗಳನ್ನ ಕೆಲಸ ನೋಡಿ ಹಂಚೋದಿಲ್ಲ, ಕೈ ನೋಡಿ ಹಂಚ್ತೀವಿ.

ಶಬ್ದದಲ್ಲೇನಿದೆ ಬಿಡಿ ಅನ್ನಬಹುದು ನೀವು. ಅದೇ ಯುಗಾದಿ ವಾರದಲ್ಲಿ ಕಾಕಾನ ಮಗನಿಗೆ ಹೆಣ್ಣು ನೋಡಲು ಹುಕ್ಕೇರಿ ಕಡೆ ಒಂದು ಹಳ್ಳಿಗೆ ಹೋಗಿದ್ವಿ. ಹುಡುಗನಿಗೆ 29, ಅಪ್ಪನ ಅಂಗಡಿಯಲ್ಲೇ ಕೆಲಸ, ಸಬ್‌ಮರ್ಸಿಬಲ್ ಕಟ್ಟೋದರಲ್ಲಿ ಅಪ್ಪನಿಗಿಂತ ಚುರುಕು. ಹೆಣ್ಣಿನ ಕಡೆಯ ಹಿರಿಯರು ನನ್ನ ಕೆಲಸ ಕೇಳಿ ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟರು. ಅವನನ್ನ ಕೇಳಿದ್ದು ಒಂದೇ ಪ್ರಶ್ನೆ: "ಬರೇ ವೈಂಡಿಂಗ್ ಏನ್, ಬ್ಯಾರೆ ಏನರ ಐತೋ?" ಆ 'ಬರೇ'ಗೆ ಉತ್ತರ ಕೊಡೋ ತಾಕತ್ತು ಆ ಕೋಣೆಯಲ್ಲಿ ಇದ್ದದ್ದು ನನಗೊಬ್ಬನಿಗೇ. ನನ್ನ ಮಾತನ್ನ ಅವರು ಕೇಳ್ತಿದ್ದರು. ನಾನು ಅವಲಕ್ಕಿ ತಿಂದು ಸುಮ್ಮನಿದ್ದೆ. ಎರಡು ದಿನಕ್ಕೆ 'ಜಾತಕ ಕೂಡಲಿಲ್ಲ' ಅಂತ ಫೋನ್ ಬಂತು.

ಆಫೀಸಿನ 'ಜುಗಾಡ್' ಮತ್ತು ಹುಕ್ಕೇರಿಯ 'ಬರೇ ವೈಂಡಿಂಗ್' ಒಂದೇ ಮಾತಿನ ಎರಡು ಮುಖ. ನಗರದಲ್ಲಿ ನಗು, ಹಳ್ಳಿಯಲ್ಲಿ ನಿರಾಕರಣೆ. ಕಾಕಾನ ಅಂಗಡಿಗೆ ಕಲಿಯಲು ಹುಡುಗರು ಬರೋದು ನಿಂತು ಕೆಲವು ವರ್ಷ ಆಯ್ತು. ಸಂಪಾದನೆ ಇಲ್ಲ ಅಂತಲ್ಲ, ಮರ್ಯಾದೆ ಇಲ್ಲ ಅಂತ.

ಇದು ಎಂಥ ನೆಲದಲ್ಲಿ ನಡೀತಿದೆ ನೋಡಿ. ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ನೀರಿನಿಂದ ಶಕ್ತಿ ತೆಗೆದಿದ್ದರು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದೆ. ಹಳ್ಳಿಗಳಿಗೆ ತಾನೇ ಕರೆಂಟು ಹಂಚೋ ಇಂಥ ಸಂಘ ಇಡೀ ರಾಜ್ಯದಲ್ಲಿ ಅದೊಂದೇ. ಹತ್ತಿರದ ಬೆಳಗಾವಿಯಲ್ಲೇ ವಿಟಿಯು ಕೇಂದ್ರ. ಅಲ್ಲಿಂದ ಪಾಸಾದ ನಾನು ಟ್ರಾನ್ಸ್‌ಫಾರ್ಮರ್ ಸೂತ್ರದ 4.44 ಅನ್ನೋ ಅಂಕಿ ಇವತ್ತೂ ನಿದ್ದೆಯಲ್ಲೂ ಹೇಳ್ತೀನಿ. ವರ್ಕ್‌ಶಾಪ್ ಲ್ಯಾಬಿನಲ್ಲಿ ಮಾತ್ರ ಸೀನಿಯರ್ ಮಾಡಿದ್ದ ಫಿಟ್ಟಿಂಗ್ ಮಾಡೆಲ್ ತಂದು ಒಪ್ಪಿಸಿ ಮಾರ್ಕ್ಸ್ ತಗೊಂಡಿದ್ದೆ. ನಮ್ಮಲ್ಲಿ ಬಹಳ ಜನ ಹಾಗೇ ಪಾಸಾದದ್ದು, ನಾಚಿಕೆ ಬೇಡ, ಒಪ್ಪಿಕೊಳ್ಳಿ.

ಈಗ ನಿಮ್ಮ ತಕರಾರು. "ಸಾವಿರ-ಸಾವಿರದೈನೂರಕ್ಕೆ ರೆಡಿಮೇಡ್ ಸಿಗುತ್ತೆ, ಯಾಕೆ ಇಷ್ಟು ಒದ್ದಾಟ?" ಸರಿಯಾದ ಮಾತು. ನನಗೂ ಹೆಚ್ಚೂಕಮ್ಮಿ ಅಷ್ಟೇ ಖರ್ಚಾಯ್ತು, ಮೇಲೆ ಎರಡು ಭಾನುವಾರ. ಪ್ರಮಾಣೀಕೃತ ಚಾರ್ಜರಿನಲ್ಲಿ ನಡುವೆ ಲೋಹ ಸಿಕ್ಕರೆ ತಾನೇ ನಿಲ್ಲೋ ವ್ಯವಸ್ಥೆ ಇರುತ್ತೆ, ನನ್ನ ಅಗ್ಗದ ಬೋರ್ಡಿಗೆ ಆ ಜಾಣತನ ಇರಲಿಲ್ಲ. ಕೆಲಸ ಗೊತ್ತಿಲ್ಲದೇ ಕಾರಿನ ವೈರಿಂಗಿಗೆ ಕೈ ಹಾಕಬೇಡಿ, ಕೊಂಡುಕೊಳ್ಳಿ. ಎಲ್ಲರೂ ಎಲ್ಲವನ್ನೂ ಮನೇಲಿ ಮಾಡಬೇಕು ಅನ್ನೋ ಭಜನೆ ನನ್ನದಲ್ಲ. ಹಳ್ಳಿ ಕೈಗಳ ಮೇಲೆ ಪದ್ಯ ಬರೆಯೋ ಹುಚ್ಚೂ ಇಲ್ಲ. ಕಾಕಾನೇ ನನಗೆ ಹೇಳ್ತಾನೆ, "ನಿನ್ನ ಮಗನ್ನ ಕಂಪ್ಯೂಟರಿಗೇ ಹಚ್ಚಪಾ" ಅಂತ. ಬೆನ್ನು ನೋಯೋದು ಅವನಿಗೆ.

ನನ್ನ ಜಗಳ ಇಷ್ಟೇ: ಕೊಳ್ಳಿರಿ, ಆದರೆ ಬಿಚ್ಚಿ ಸರಿ ಮಾಡೋನನ್ನ ಕೀಳು ಮಾಡಬೇಡಿ. ಯಾಕಂದ್ರೆ ಕೊಂಡದ್ದು ಒಂದಿನ ಕೆಡುತ್ತೆ. ಈಗಿನ ಸಾಮಾನುಗಳಿಗೆ ಸ್ಕ್ರೂ ಬದಲು ಅಂಟು, ಬಿಡಿಭಾಗದ ಬದಲು ಹೊಸ ಮಾಡೆಲ್. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಒಳ್ಳೇದು. ಆದರೆ ರಿಪೇರಿ ಮಾಡೋನಿಗೆ ಹೆಣ್ಣು ಕೊಡದ, ಕೆಲಸ ಕಲಿಯಲು ಹುಡುಗ ಸಿಗದ ಸಮಾಜದಲ್ಲಿ ಆ ಹಕ್ಕು ಚಲಾಯಿಸೋದು ಯಾರ ಕೈಯಿಂದ?

ಹಾಗಾಗಿ ಮೂರು ಮಾತು. ಮಾಲಿನಲ್ಲಿ ಇನ್ನೂರೈವತ್ತರ ಕಾಫಿಗೆ ಚೌಕಾಸಿ ಮಾಡದ ನಾವು ಮೆಕ್ಯಾನಿಕನ ಇನ್ನೂರಕ್ಕೆ ಚೌಕಾಸಿ ಮಾಡೋದು ನಿಲ್ಲಿಸೋಣ. ಕೈಕೆಲಸ ಯಾರಿಂದ ಕಲಿತೆವೋ ಅವರ ಹೆಸರು ಪ್ರೆಸೆಂಟೇಷನ್ನಿನಲ್ಲಿ ಹಾಕೋಣ. ಓದಿದ ಕಾಲೇಜಿಗೆ ಅತಿಥಿಯಾಗಿ ಕರೆದಾಗ ಎಐ ಬಗ್ಗೆ ಭಾಷಣ ಬಿಗಿಯೋ ಬದಲು, ಜೊತೆಗೊಬ್ಬ ವೈಂಡಿಂಗ್‌ನವರನ್ನ ಕರಕೊಂಡು ಹೋಗಿ ಒಂದು ಗಂಟೆ ಅವರಿಗೆ ಬಿಟ್ಟುಕೊಡೋಣ.

ಕಾಕಾ ಅವತ್ತು ದುಡ್ಡು ತಗೊಳ್ಳಲಿಲ್ಲ. "ಮುಂದಿನ ಸಲ ಎನಾಮಲ್ ಕೆರದು ಬಾ" ಅಂದ. ಮುಂದಿನ ತಿಂಗಳು ಗೋಕಾಕದಲ್ಲಿ ಇನ್ನೊಂದು ಸಂಬಂಧ ನೋಡೋಕೆ ಹೋಗೋದಿದೆ, ನಾನೇ ಕಾರು ಓಡಿಸ್ತೀನಿ. ಕುರ್ಚಿ ಕೊಟ್ಟರೆ ತಮ್ಮನನ್ನ ಅದರ ಮೇಲೆ ಕೂರಿಸ್ತೀನಿ. 'ಬರೇ ವೈಂಡಿಂಗ್ ಏನು' ಅಂತ ಕೇಳಿದರೆ ಹೊರಗೆ ಕರಕೊಂಡು ಹೋಗಿ ಕಾರಿನ ಬಾಗಿಲು ತೆಗೆದು, ನಾನು ಮಾಡಿ ಸುಟ್ಟದ್ದೇನು, ಅವರಪ್ಪ ಸರಿ ಮಾಡಿದ್ದೇನು ಅಂತ ತೋರಿಸ್ತೀನಿ. ಸಂಬಂಧ ಕೂಡುತ್ತೋ ಬಿಡುತ್ತೋ, ಈ ಸಲ ಅವಲಕ್ಕಿ ತಿಂದು ಸುಮ್ಮನೆ ಎದ್ದು ಬರೋದಿಲ್ಲ.