ಅಂಪೈರ್ ಯಾರ ಕಡೆಯಾಂವ?

ತೊಗರಿ ರಾಶಿ ಮುಗಿದ ಮೇಲೆ ನಮ್ಮ ಜೇವರ್ಗಿ ಸೀಮೆಯ ಎರೆಹೊಲಗಳು ಕ್ರಿಕೆಟ್ ಮೈದಾನ ಆಗ್ತವೆ. ತೊಗರಿ ಕಟಗಿಯೇ ಸ್ಟಂಪು. ಬಾಲ್ ಹಾಕೋದು, ಮುಳ್ಳುಕಂಟಿಯಾಗ ಹೋದ ಬಾಲ್ ತರೋದು ಕೇರಿಯ ಹುಡುಗರ ಕೆಲಸ. ಬ್ಯಾಟು ಗೌಡರ ಮಗನದು. ಬ್ಯಾಟಿಂಗ್ ಮಾಡುವ ತಂಡದವನೇ ಅಂಪೈರ್ ಆಗಬೇಕು ಅನ್ನೋದು ಹಳ್ಳಿಹಳ್ಳಿಗಳಲ್ಲಿ ನಡೆದುಬಂದ ಕಾನೂನು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಗೌಡರ ಮಗನ ನಡುವಿನ ಸ್ಟಂಪು ಹಾರಿಸಿದೆ. ಅಂಪೈರ್ ಆಗಿ ನಿಂತಿದ್ದ ಅವನ ಕಾಕಾನ ಮಗ ‘ನೋ ಬಾಲ್’ ಅಂದ. ಬಿದ್ದ ಕಟಗಿಯನ್ನು ನಾನೇ ಎತ್ತಿ ನೆಟ್ಟು ಮತ್ತೆ ಬಾಲ್ ಹಾಕಿದೆ.

ಕ್ರಿಕೆಟ್ ದುಡ್ಡಿದ್ದವರ ಆಟ, ಅದರ ಉಸಾಬರಿ ನಮಗ್ಯಾಕ ಅಂತ ನಮ್ಮ ಸಂಗಾತಿಗಳೇ ಕೇಳ್ತಾರೆ. ಆಟದ ಉಸಾಬರಿ ನನಗೂ ಬ್ಯಾಡ. ನನ್ನ ತಕರಾರು ಬೆರಳಿನ ಬಗ್ಗೆ. ಅದನ್ನು ಎತ್ತುವವರು ಯಾರು ಅನ್ನೋದರ ಬಗ್ಗೆ.

ಆಡುವವನ ಮನೆಯವ ತೀರ್ಪು ಕೊಡಬಾರದು ಅಂತ ಜಗತ್ತಿಗೂ ತಡವಾಗಿಯೇ ಹೊಳೆಯಿತು. ಬಹುಕಾಲ ಯಾವ ದೇಶದಲ್ಲಿ ಟೆಸ್ಟ್ ನಡೆಯುತ್ತದೋ ಆ ದೇಶದವರೇ ಅಂಪೈರ್‌ಗಳು. ಸೋತವರು ಬಾಯಿ ಬಡಕೊಂಡರು. 1986ರಲ್ಲಿ ಪಾಕಿಸ್ತಾನ–ವೆಸ್ಟ್ ಇಂಡೀಸ್ ನಡುವಿನ ಲಾಹೋರ್ ಟೆಸ್ಟಿಗೆ ಭಾರತದ ವಿ.ಕೆ. ರಾಮಸ್ವಾಮಿ, ಪಿಲೂ ರಿಪೋರ್ಟರ್ ಹೋಗಿ ನಿಂತರು. 1994ರಿಂದ ಪ್ರತಿ ಟೆಸ್ಟಿಗೆ ಒಬ್ಬ, 2002ರಿಂದ ಇಬ್ಬರೂ ಹೊರದೇಶದವರು. ಕೊರೊನಾ ಕಾಲದಾಗ ಮಾತ್ರ ಸಡಿಲ ಬಿಟ್ಟರು. ನೋಡ್ರಿ, ಪಾಕಿಸ್ತಾನದವರು ಭಾರತದವನ ಬೆರಳನ್ನು ನಂಬಿದರು. ನಮ್ಮೂರ ಗೌಡ ಕೇರಿಯವನ ಬೆರಳನ್ನು ಇವತ್ತಿಗೂ ನಂಬಿಲ್ಲ.

ಕನ್ನಡ ನಾಡಿನಿಂದ ಅಂತರರಾಷ್ಟ್ರೀಯ ಅಂಪೈರ್‌ಗಳು ಆಗಿಲ್ಲವೆ? ಆಗಿದ್ದಾರೆ. ಹಳೇ ಮೈಸೂರಿನ ಎಂ.ಜಿ. ವಿಜಯಸಾರಥಿ 1951ರಿಂದ 1960ರ ತನಕ ಟೆಸ್ಟ್‌ಗಳಲ್ಲಿ ನಿಂತರು. ಆಮೇಲೆ ಅವರ ಮಗ ಎಂ.ವಿ. ನಾಗೇಂದ್ರ ನಿಂತರು. ಒಂದೇ ರಣಜಿ ಪಂದ್ಯದ ಎರಡು ತುದಿಗೆ ಅಪ್ಪ–ಮಗ ನಿಂತದ್ದೂ ಉಂಟು. ಅವರ ಯೋಗ್ಯತೆಯನ್ನು ನಾನು ಜರಿಯುತ್ತಿಲ್ಲ. ಬಿಳಿ ಕೋಟು ಒಂದು ಮನೆಯಲ್ಲಿ ಅಪ್ಪನಿಂದ ಮಗನಿಗೆ ಬರುವಷ್ಟು ಹತ್ತಿರ, ನಮ್ಮ ಮೂರು ತಾಲೂಕಿಗೆ ಕಣ್ಣಿಗೂ ಕಾಣದಷ್ಟು ದೂರ ಯಾಕೆ ಅಂತ ಕೇಳುತ್ತಿದ್ದೇನೆ, ಅಷ್ಟೆ. 1999ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಅನಿಲ್ ಕುಂಬ್ಳೆ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತಾಗ ಅಲ್ಲಿದ್ದ ಒಬ್ಬ ಅಂಪೈರ್, ಮೊದಲು ಕರ್ನಾಟಕಕ್ಕೆ ಆಡಿದ್ದ ಎ.ವಿ. ಜಯಪ್ರಕಾಶ್. ಇನ್ನೊಬ್ಬರು ಸ್ಟೀವ್ ಬಕ್ನರ್. ಜಮೈಕಾದ ಕಪ್ಪು ಮನುಷ್ಯ, ಹೈಸ್ಕೂಲ್ ಮಾಸ್ತರ. ದೊಡ್ಡ ಕ್ರಿಕೆಟ್ ಆಡಿದವರೇ ಅಲ್ಲ. 128 ಟೆಸ್ಟ್, ಐದು ವಿಶ್ವಕಪ್ ಫೈನಲ್‌ಗಳಿಗೆ ನಿಂತರು. ಗುಲಾಮರಿಂದ ಕಬ್ಬಿನ ತೋಟ ದುಡಿಸಿದ ನೆಲದ ಮಾಸ್ತರ ಬೆರಳೆತ್ತಿದರೆ ಇಂಗ್ಲೆಂಡಿನ ಸಾಹೇಬ ಬ್ಯಾಟು ಕಂಕುಳಲ್ಲಿಟ್ಟು ನಡೆಯಬೇಕಾಗಿತ್ತು. 2008ರ ಸಿಡ್ನಿ ಟೆಸ್ಟಿನ ತಪ್ಪುಗಳಿಗೆ ನಮ್ಮವರು ಅವರನ್ನು ಇನ್ನೂ ಬೈತಾರೆ. ಬೈಯಲಿ. ತಪ್ಪು ಮಾಡುವ ಅಧಿಕಾರವಾದರೂ ಆ ಮಾಸ್ತರನಿಗೆ ಸಿಕ್ಕಿತ್ತಲ್ಲ!

ನಮಗೆ ಸಿಕ್ಕಿದ್ದೇನು? ಧಾರವಾಡದಲ್ಲಿ ಹುಟ್ಟಿದ ಪಾಲವಂಕರ್ ಬಾಳೂ ಚಮ್ಮಾರ ಜಾತಿಯ ಎಡಗೈ ಬೌಲರ್. ಪುಣೆಯಲ್ಲಿ ಮೈದಾನ ಹಸನು ಮಾಡಿ, ಬಿಳಿ ಸಾಹೇಬರಿಗೆ ಬಾಲ್ ಹಾಕಿ ಹಾಕಿ ಕೈ ಪಳಗಿಸಿದವರು. ಅವರ ಬಾಲಿನಿಂದ ಹಿಂದೂ ತಂಡ ಗೆದ್ದಿತು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ನಾಯಕತ್ವ ಕೊಡಲಿಲ್ಲ. ಬೆವರು ಬೇಕು, ತೀರ್ಮಾನ ಬ್ಯಾಡ.

ಅಂಪೈರ್ ಆಗಲಿಕ್ಕೆ ಪರೀಕ್ಷೆ ಇದೆಯಲ್ಲ, ಬರೆದು ಪಾಸಾಗಲಿ ಅಂತೀರಿ. 2022ರಲ್ಲಿ ಅಹಮದಾಬಾದಿನಲ್ಲಿ, ಹೆಂಗಸರ ಮತ್ತು ಕಿರಿಯರ ಪಂದ್ಯಗಳಿಗೆಂದು ಕ್ರಿಕೆಟ್ ಮಂಡಳಿ ನಡೆಸಿದ ಪರೀಕ್ಷೆಗೆ 140 ಮಂದಿ ಕೂತು ಮೂವರು ಪಾಸಾದರು. ಪರೀಕ್ಷೆ ಬಿಗಿಯಾಗಿಯೇ ಇರಲಿ. ಆದರೆ ಆ ಕೋಣೆಯ ಬಾಗಿಲ ತನಕ ಅಫಜಲಪುರದ ಕೂಲಿಕಾರನ ಮಗ ಹೋಗೋದು ಹ್ಯಾಂಗ? ನನ್ನ ಕೈಗೆ ಸಿಕ್ಕ ನಿಯಮದ ಪುಸ್ತಕ ಇಂಗ್ಲಿಷಿನದು, ಲಂಡನ್ನಿನ ಎಂ.ಸಿ.ಸಿ. ಕ್ಲಬ್ಬು ಬರೆದದ್ದು. ನಲವತ್ತೆರಡು ನಿಯಮ. ಬಿ.ಎ. ಪಾಸಾದ ನಾನೇ ಎಲ್.ಬಿ.ಡಬ್ಲ್ಯು. ಕಲಮನ್ನು ಮೂರು ಸಲ ಓದಿದೆ. ಅದೇ 2022ರಲ್ಲಿ ಮೇಲಿನ ದರ್ಜೆಯ ಅಂಪೈರಿಗೆ ಮಂಡಳಿ ಕೊಡುತ್ತಿದ್ದದ್ದು ದಿನಕ್ಕೆ 40,000 ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 309. ನನ್ನವ್ವ ಖಾತ್ರಿಯ ನೂರೂ ದಿನ ಮಣ್ಣು ಹೊತ್ತರೆ 30,900. 2013ರಲ್ಲಿ 371ಜೆ ಬಂತು. ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಮಂಡಳಿಯ ಬಾಗಿಲನ್ನು ಅದು ತಟ್ಟಲಿಲ್ಲ.

ಆ ಪುಸ್ತಕದ 31ನೇ ನಿಯಮ ಕೇಳ್ರಿ. ಎದುರಾಳಿ ಕೇಳದಿದ್ದರೆ, ಔಟಾಗಿದ್ದರೂ ಅಂಪೈರ್ ಬೆರಳೆತ್ತುವಂತಿಲ್ಲ. ಸಂಶಯವಿದ್ದರೆ ಲಾಭ ಬ್ಯಾಟು ಹಿಡಿದವನಿಗೆ, ಇದು ಸಂಪ್ರದಾಯ. ಎಲ್ಲೋ ಕೇಳಿದ ಮಾತು ಅನಸ್ತದಲ್ಲ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಬೆಂಕಿ ಹಚ್ಚಿ ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೇಳುವವನ ಬಾಯಿ ಕಟ್ಟಿದರೆ ಔಟೇ ಇಲ್ಲ.

ರಾಜ್ಯ ಕ್ರಿಕೆಟ್ ಸಂಸ್ಥೆಗೆ ರಾಯಚೂರು ವಲಯ ಅಂತ ಒಂದಿದೆ, ಕಲಬುರಗಿ ಅದರೊಳಗೆ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಕನ್ನಡದಲ್ಲೇ ಅಂಪೈರ್ ತರಗತಿ ನಡೆಸಲಿ, ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಹೈಸ್ಕೂಲುಗಳಿಗೆ ಕಳಿಸಲಿ. ಅವರು ಮಾಡೋ ತನಕ ಕಾಯಬ್ಯಾಡ್ರಿ ಮಾಸ್ತರೇ. ಈ ಸಲ ನಿಮ್ಮ ಶಾಲೆಯ ಪಂದ್ಯಕ್ಕೆ ಕೇರಿಯ ಹುಡುಗಿಯನ್ನು ಅಂಪೈರ್ ನಿಲ್ಲಿಸ್ರಿ. ಗೌಡರ ಮೊಮ್ಮಗ ಔಟಾದಾಗ ಅವಳು ಬೆರಳೆತ್ತಲಿ. ಆಗ ಮೈದಾನದ ಅಂಚಿನಲ್ಲಿ ಯಾರ್‍ಯಾರು ಎದ್ದು ನಿಲ್ತಾರೆ ನೋಡಿ, ಈ ಪತ್ರಿಕೆಗೆ ಬರೆದು ಕಳಿಸ್ರಿ.