ಕಿವಿಯ ಹಿಂದೆ ನೋಡಿದ ಡಾಕ್ಟರಮ್ಮ

ಸಾಫ್ಟ್‌ವೇರ್‌ನವರ ತಲೆ ತಿನ್ನೋ ಬಗ್ ಯಾವುದು ಗೊತ್ತಾ? ಒಂದು ಕಡೆ ಬಂದು ಇನ್ನೊಂದು ಕಡೆ ಬರದೇ ಇರೋದು. ಕ್ಲೈಂಟ್ ಹತ್ರ ಕ್ರ್ಯಾಶ್ ಆಗುತ್ತೆ, ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತೆ. ನಮ್ಮಪ್ಪನ ಚರ್ಮಕ್ಕೆ ಬಂದಿದ್ದೂ ಅಂಥದ್ದೇ. ಊರಲ್ಲಿದ್ರೆ ಮುಖ, ಕತ್ತೆಲ್ಲ ಕೆಂಪಾಗಿ ಉರಿ, ತುರಿಕೆ. ಬೆಂಗಳೂರಲ್ಲಿ ನನ್ನ ಮನೆಗೆ ಬಂದು ಹದಿನೈದು ದಿನ ಇದ್ರೆ ಅರ್ಧ ವಾಸಿ. "ನಿಮ್ಮೂರ ನೀರು ಒಗ್ಗಿತು ನೋಡಪ್ಪಾ" ಅಂತ ಖುಷಿಯಿಂದ ವಾಪಸ್ ಹೋದ್ರೆ ವಾರದೊಳಗೆ ಮತ್ತೆ ಶುರು.

ನಮ್ಮೂರು ಹಲವಾಗಲು, ಹರಪನಹಳ್ಳಿ ತಾಲ್ಲೂಕು. ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆ ಸೇರಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯ್ತು. ಜಿಲ್ಲೆ ಎಷ್ಟು ಸಲ ಬದಲಾದ್ರೂ ದೊಡ್ಡ ಕಾಯಿಲೆ ಅಂದ್ರೆ ನಮ್ಮ ಮನೆಯವರು ಬಸ್ ಹತ್ತೋದು ದಾವಣಗೆರೆಗೇ.

ಅಲ್ಲಿಗೆ ಹೋಗೋ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಒಬ್ಬರು ಬಿಸಿಲಿನ ಅಲರ್ಜಿ ಅಂದಿದ್ರು, ಇನ್ನೊಬ್ಬರು ಸೋಪು ಬದಲಾಯಿಸಿ ಅಂದಿದ್ರು, ಮತ್ತೊಬ್ಬರು ಹುಳುಕಡ್ಡಿ ಅಂದಿದ್ರು. ಔಷಧಿ ಅಂಗಡಿಯ ಟ್ಯೂಬು ಹಚ್ಚಿದರೆ ನಾಲ್ಕು ದಿನ ಆರಾಮ, ಬಿಟ್ಟರೆ ಮೊದಲಿಗಿಂತ ಜೋರು. ಹಣೆ, ಕಿವಿಯ ಚರ್ಮ ದಪ್ಪಗಾಗಿ ಕಪ್ಪಿಟ್ಟಿತು. ಆಗ ಊರಲ್ಲಿ ಪಿಸುಮಾತು ಶುರುವಾಯ್ತು. ಯಾರೂ ಆ ರೋಗದ ಹೆಸರು ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಮದುವೆ ಊಟದ ಪಂಕ್ತಿಯಲ್ಲಿ ಅಪ್ಪನ ಪಕ್ಕದ ಎಲೆ ಖಾಲಿ ಉಳೀತು. ಮರುದಿನದಿಂದ ಅಪ್ಪ ಕಟ್ಟೆಗೆ ಹೋಗೋದನ್ನೇ ಬಿಟ್ಟರು.

ದಾವಣಗೆರೆಯ ಚರ್ಮವೈದ್ಯೆ ಮೊದಲು ಮಾಡಿದ ಕೆಲಸ, ಅಪ್ಪನ ಎರಡೂ ಕೈ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಕರೆದೊಯ್ದಿದ್ದು. ಕೈಗವಸು ಇಲ್ಲ, ಹಿಂಜರಿಕೆ ಇಲ್ಲ. ರೆಪ್ಪೆ ನೋಡಿದ್ರು, ಗದ್ದದ ಕೆಳಗೆ ನೋಡಿದ್ರು, ಕಿವಿ ಮಡಚಿ ಹಿಂದೆ ನೋಡಿದ್ರು, ಮೊಣಕೈ ಮಡಿಕೆ ನೋಡಿದ್ರು. ಆಮೇಲೆ ನಮಗೂ ತೋರಿಸಿ ಹೇಳಿದ್ರು: ಬರೀ ಬಿಸಿಲಿನ ಅಲರ್ಜಿ ಆಗಿದ್ರೆ ನೆರಳಿರೋ ಈ ಜಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಇಲ್ಲಿ ಅವೇ ಹೆಚ್ಚು ಕೆಟ್ಟಿವೆ. ಅಂದ್ರೆ ಗಾಳಿಯಲ್ಲಿ ಬರೋ ಯಾವುದೋ ಪುಡಿ ಮಡಿಕೆಗಳಲ್ಲಿ ಕೂರ್ತಾ ಇದೆ.

ಮುಂದಿನ ಪ್ರಶ್ನೆಗಳು ನಮ್ಮ ಟೀಮಿನ ಸೀನಿಯರ್‌ಗಳು ಕೇಳೋ ಥರಾನೇ ಇದ್ದವು. ಯಾವ ತಿಂಗಳಲ್ಲಿ ಜಾಸ್ತಿ? ಊರು ಬಿಟ್ಟಾಗ ಏನಾಗುತ್ತೆ? ಹೊಲಕ್ಕೆ ಯಾವ ದಾರಿ? ದಾರಿಯ ಎರಡೂ ಕಡೆ ಏನು ಬೆಳೆದಿದೆ? "ಏನೈತ್ರೀ, ಬರೀ ಕಾಂಗ್ರೆಸ್ ಗಿಡ" ಅಂದ್ರು ಅಪ್ಪ. ಡಾಕ್ಟರ್ ಪೆನ್ ಕೆಳಗಿಟ್ಟರು.

ಬೆನ್ನ ಮೇಲೆ ಸಣ್ಣ ಸಣ್ಣ ಪಟ್ಟಿ ಅಂಟಿಸೋ ಪ್ಯಾಚ್ ಟೆಸ್ಟ್ ಮಾಡಿದ್ರು. 48 ಗಂಟೆ ಬೆನ್ನಿಗೆ ನೀರು ಸೋಕಿಸೋ ಹಾಗಿಲ್ಲ. ಪಟ್ಟಿ ತೆಗೆದಾಗ ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡ್ತಾರೆ. ಯಾಕಂದ್ರೆ ಈ ಅಲರ್ಜಿ ಸೀನಿನ ಹಾಗೆ ತಕ್ಷಣ ಬರಲ್ಲ, ನಿಧಾನಕ್ಕೆ ಏಳುತ್ತೆ. ಪಾರ್ಥೇನಿಯಂ ಅಂಟಿಸಿದ್ದ ಜಾಗ ಕೆಂಪಾಗಿ ಊದಿಕೊಂಡು ಗುಳ್ಳೆ ಎದ್ದಿತ್ತು. ಚರ್ಮದ ಸ್ಪರ್ಶ, ನರ ಎಲ್ಲ ಪರೀಕ್ಷಿಸಿ ಕುಷ್ಠ ಅಲ್ಲ ಅಂತಾನೂ ಸ್ಪಷ್ಟವಾಗಿ ಹೇಳಿದ್ರು. "ಅದೇ ಆಗಿದ್ರೂ ಹೆದರೋದೇನಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, ವಾಸಿಯಾಗುತ್ತೆ" ಅಂತ ಸೇರಿಸಿದ್ರು. ಆ ಎರಡನೇ ಮಾತು ನನಗೆ ಇನ್ನೂ ದೊಡ್ಡದು ಅನಿಸ್ತು.

ಈ ಗಿಡ ನಮ್ಮದಲ್ಲ, ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆ ಹತ್ತಿರ ಕಣ್ಣಿಗೆ ಬಿತ್ತು. ಆಮದಾದ ಗೋಧಿ ಜೊತೆ ಬೀಜ ಬಂತು ಅನ್ನೋದು ರೂಢಿಯ ಮಾತು. ಬಿಳಿ ಟೋಪಿಯಂಥ ಹೂವಿಗೆ ಕಾಂಗ್ರೆಸ್ ಅನ್ನೋ ಹೆಸರು ಅಂಟಿಕೊಂಡಿತು. ಇದರೊಳಗಿನ ಪಾರ್ಥೇನಿನ್ ಅನ್ನೋ ರಾಸಾಯನಿಕವೇ ಚರ್ಮದ ಶತ್ರು. ಗಿಡ ತಿನ್ನೋ ಮೆಕ್ಸಿಕೋದ ದುಂಬಿಯನ್ನ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟಿದ್ರು. ದುಂಬಿ ಮಳೆಗಾಲದಲ್ಲಿ ಎಲೆ ಮೇಯುತ್ತೆ ನಿಜ, ಗಿಡ ಮಾತ್ರ ಇವತ್ತಿಗೂ ಸಾವಿರಾರು ಬೀಜ ಉದುರಿಸ್ತಾನೇ ಇದೆ.

ಕಾರಣ ಸಿಕ್ತು ಅಂದ ಕೂಡಲೇ ಕಾಯಿಲೆ ಹೋಗಲಿಲ್ಲ. ಹಚ್ಚೋ ಮುಲಾಮು ಎಷ್ಟು ದಿನ, ಎಷ್ಟು ಅಂತ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು. ನುಂಗೋ ಮಾತ್ರೆಗೆ ಆಗಾಗ ರಕ್ತಪರೀಕ್ಷೆ. ಅಲ್ಲಿನ ನರ್ಸ್ ಅಕ್ಕ ಪ್ರತಿ ಸಲ ತಾರೀಖು ನೆನಪಿಸಿ ಫೋನ್ ಮಾಡ್ತಿದ್ರು. ಜೊತೆಗೆ ಬಂದಿದ್ದ ಚಿಕ್ಕಪ್ಪನನ್ನ ಕೂರಿಸಿಕೊಂಡು "ಇದು ಅಂಟುರೋಗ ಅಲ್ಲ, ಊರಲ್ಲಿ ನೀವೇ ಹೇಳಬೇಕು" ಅಂತ ಜವಾಬ್ದಾರಿ ಹೊರಿಸಿದ್ರು ಡಾಕ್ಟರ್. ಚಿಕ್ಕಪ್ಪ ಕಟ್ಟೆ ಮೇಲೆ ಹೇಳಿದ್ದು ಒಂದು ಸಲ ಅಲ್ಲ, ಬಹುಶಃ ನೂರು ಸಲ.

ಸೇವಂತಿಗೆ, ಸೂರ್ಯಕಾಂತಿ ಕೂಡ ಇದೇ ಸಸ್ಯ ಕುಟುಂಬದವು. ಪಾರ್ಥೇನಿಯಂ ಆಗದ ಕೆಲವರಿಗೆ ಅವೂ ಆಗಲ್ಲ. ಅಪ್ಪನಿಗೆ ಸೇವಂತಿಗೆ ಆಗಲ್ಲ ಅಂತ ಪರೀಕ್ಷೆಯಲ್ಲೇ ಗೊತ್ತಾಯ್ತು. ಹಾಗಾಗಿ ಹೋದ ಸಲ ತಪಾಸಣೆಗೆ ಹೊರಟಾಗ ಅವರು ಡಾಕ್ಟರಮ್ಮನಿಗೆ ಅಂತ ತರಿಸಿದ್ದು ಹಡಗಲಿ ಮಲ್ಲಿಗೆ. ಫೀಸು ಕೊಟ್ಟಾಗಿತ್ತಲ್ಲ ಅಂದೆ. "ಫೀಸು ಔಷಧಿಗಪ್ಪಾ. ಇದು ಮುಟ್ಟಿ ನೋಡಿದ್ದಕ್ಕೆ" ಅಂದ್ರು.

ಈಗಲೂ ಮಳೆ ಬಿದ್ದು ಗಿಡ ಹೂ ಬಿಟ್ಟಾಗ ತುರಿಕೆ ಇಣುಕುತ್ತೆ. ತುಂಬುತೋಳಿನ ಅಂಗಿ, ಮುಖಕ್ಕೆ ಟವೆಲ್ಲು, ಮನೆಗೆ ಬಂದ ಕೂಡಲೇ ಸ್ನಾನ, ಇಷ್ಟರಲ್ಲಿ ಹತೋಟಿಯಲ್ಲಿದೆ. ನಿಮ್ಮ ಊರಲ್ಲೂ ರೆಪ್ಪೆ, ಕತ್ತು ಕೆರೆದುಕೊಂಡು ಟ್ಯೂಬು ಹಚ್ಚಿಕೊಳ್ತಿರೋ ಅಪ್ಪ, ದೊಡ್ಡಪ್ಪ ಇರಬಹುದು. ಈ ಸಲ ಹಬ್ಬಕ್ಕೆ ಹೋದಾಗ ಅವರ ಕಿವಿಯ ಹಿಂದೆ ಒಮ್ಮೆ ನೋಡಿ. ಚರ್ಮವೈದ್ಯರ ಹತ್ರ ಹೋಗುವಾಗ ಹೊಲದ ದಾರಿಯ ಒಂದು ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು, ಅವರ ಪಕ್ಕದ ಎಲೆಗೆ ನೀವೇ ಹೋಗಿ ಕೂತುಬಿಡಿ.