ಟೈರಿಗೆ ಬೈಯೋದು ಬಿಡಿ, ಬಗ್ಗಿ ಒಳಗಡೆ ಅಂಚು ನೋಡಿ

ಈ ಸಲ ತೆಂಗೂ ಅಲ್ಲ, ರಾಗಿನೂ ಅಲ್ಲ, ಕಾರಿನ ಟೈರಿನ ವಿಷಯ. ತೋಟದ ಪುಟದಲ್ಲಿ ಇದ್ಯಾಕೆ ಅನ್ನಬೇಡಿ. ನಮ್ಮ ಕಡೆ ಎಷ್ಟು ಮನೆ ಮುಂದೆ ಹಳೇ ಮಾರುತಿ 800, ಓಮ್ನಿ ನಿಂತಿಲ್ಲ ಹೇಳಿ. ಗೊಬ್ಬರದ ಚೀಲಕ್ಕೂ ಅದೇ, ಆಸ್ಪತ್ರೆಗೂ ಅದೇ, ಮದುವೆಗೂ ಅದೇ. 800 ತಯಾರಿಕೆ ನಿಂತಿದ್ದು 2014ರಲ್ಲಿ, ಓಮ್ನಿ 2019ರಲ್ಲಿ. ಅಂದ್ರೆ ನಮ್ಮವು ಯಾವುವೂ ಎಳೇವಲ್ಲ.

ನನ್ನದು 2008ರ 800. ಯುಗಾದಿಗೆ ಮುಂಚೆ ಮುಂದಿನ ಎರಡೂ ಟೈರು ಹೊಸದು ಹಾಕಿಸಿದೆ, 5,500 ರೂಪಾಯಿ. ತುಮಕೂರಲ್ಲೇ ಅಲೈನ್‌ಮೆಂಟೂ ಮಾಡಿಸಿ ಕಂಪ್ಯೂಟರ್ ಚೀಟಿ ಇಸ್ಕೊಂಡು ಬಂದೆ. ದೀಪಾವಳಿ ಹೊತ್ತಿಗೆ ಹೆಬ್ಬೂರಲ್ಲಿ ಎಡಗಡೆ ಮುಂದಿನ ಚಕ್ರ ಪಂಚರ್ ಆಯ್ತು. ಪಂಚರ್ ಹುಡುಗ ಚಕ್ರ ಬಿಚ್ಚಿದವನು ನನ್ನ ಮುಖ ನೋಡಿ, "ಯಜಮಾನ್ರೇ, ಇದರಲ್ಲೇ ಬಂದ್ರಾ?" ಅಂದ. ಹೊರಗಡೆ ಗ್ರಿಪ್ಪು ಚೆನ್ನಾಗೇ ಇತ್ತು. ಒಳಗಡೆ ಅಂಚು ಮಾತ್ರ ಬೋಳು, ಒಂದು ಕಡೆ ತಂತಿ ಕಾಣ್ತಿತ್ತು. ಹಿಂದಿನ ದಿನ ಅದೇ ಟೈರಲ್ಲಿ ಹೆಂಡತಿ, ಮೊಮ್ಮಗಳನ್ನ ಕೂರಿಸ್ಕೊಂಡು ಕುಣಿಗಲ್ ದಾಟಿ ಹೈವೇಲಿ 80ರಲ್ಲಿ ಹೋಗಿ ಬಂದಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟೈರ್ ಹಾಕಿಸಿದ ಅಂಗಡಿಗೆ ಹೋದರೆ ಏನಂದ ಗೊತ್ತಾ? "ಹಳೇ ಗಾಡಿ ಸಾರ್, ಟೈರ್ ತಿನ್ನುತ್ತೆ. ಎಡಗಡೆಗೆ ಹೊಸದು ಹಾಕಿ. ಬಲಗಡೇದು ಈಗ ತಾನೇ ಒಳಗೆ ಸವೀತಿದೆ, ರಿಮ್ಮಲ್ಲಿ ತಿರುಗಿಸಿ ಹಾಕ್ತೀನಿ, ಇನ್ನೊಂದು ಅಂಚಲ್ಲಿ ಓಡುತ್ತೆ."

ನನ್ನ ಜಗಳ ಇರೋದು ಈ ಮಾತಿನ ಮೇಲೆ. ಗಾಡಿ ಹಳೇದಾದ ಮಾತ್ರಕ್ಕೆ ಟೈರು ತಿನ್ನಲ್ಲ ಕಣ್ರಯ್ಯ. ಎಲ್ಲೋ ಒಂದು ಕಡೆ ಲೂಸಾಗಿರುತ್ತೆ, ಅದು ತಿನ್ನುತ್ತೆ. ತಿರುಗಿಸಿ ಹಾಕಿದರೆ ಎರಡೂ ಅಂಚು ಹೋಗುತ್ತೆ ಅಷ್ಟೆ, ರೋಗ ಹಾಗೇ ಉಳಿಯುತ್ತೆ. ತೆಂಗಿನ ಗರಿ ಒಣಗಿದರೆ ನಾವು ಗರಿ ಕಡಿದು ಸುಮ್ಮನಾಗ್ತೀವಾ? ಕಪ್ಪುತಲೆ ಹುಳುನೋ, ಕಾಂಡದಲ್ಲಿ ರಸ ಸೋರ್ತಿದೆಯೋ, ನೀರು ಸಾಲದೋ ಅಂತ ಮರದ ಸುತ್ತ ನಾಲ್ಕು ಸುತ್ತು ಬರ್ತೀವಿ. ಟೈರಿನ ಹತ್ರ ಮಾತ್ರ ಕಾಲಲ್ಲಿ ಒಂದು ಒದ್ದು "ಗಾಳಿ ಇದೆ" ಅಂತೀವಿ. ತಪ್ಪು ಅಂಗಡಿಯವನದೊಂದೇ ಅಲ್ಲ.

ಟೈರು ಸುಳ್ಳು ಹೇಳಲ್ಲ. ಎರಡೂ ಅಂಚು ಸವೆದು ನಡುವೆ ಗ್ರಿಪ್ಪು ಉಳಿದಿದ್ರೆ ಗಾಳಿ ಕಮ್ಮಿ ಇಟ್ಟು ಓಡಿಸಿದೀರಿ. ನಡುವೆ ಸವೆದಿದ್ರೆ ಗಾಳಿ ಜಾಸ್ತಿ. ಅಲ್ಲಲ್ಲಿ ತಗ್ಗು ಬಿದ್ದಂಗಿದ್ರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲಾಂದ್ರೆ ಬೇರಿಂಗೋ ಬ್ಯಾಲೆನ್ಸೋ ನೋಡಿಸಬೇಕು. ಅಂಗೈಯನ್ನ ಟೈರಿನ ಮೇಲೆ ಅಡ್ಡಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ತಪ್ಪಿದೆ, ಅಂದ್ರೆ ಎರಡು ಚಕ್ರ ಒಂದೇ ದಿಕ್ಕು ನೋಡ್ತಿಲ್ಲ. ಸವರೋ ಮುಂಚೆ ತಂತಿ ಎದ್ದಿದೆಯಾ ನೋಡ್ಕೊಳ್ಳಿ, ನನ್ನ ಬೆರಳು ಕುಯ್ಕೊಂಡಿದೆ. ಒಂದೇ ಅಂಚು, ಅದರಲ್ಲೂ ಒಳ ಅಂಚು ಹೋಗಿದ್ರೆ ಟೋ, ಬುಷ್ಷು, ಬಾಲ್ ಜಾಯಿಂಟು ಎಲ್ಲದರ ಮೇಲೂ ಅನುಮಾನ ಪಡಿ. ಒಳ ಅಂಚು ನಿಂತ ಕಾರಲ್ಲಿ ಕಾಣಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಇಳಿದು, ಬಗ್ಗಿ ನೋಡಬೇಕು. ನಾನು ಏಳು ತಿಂಗಳು ಬಗ್ಗಲಿಲ್ಲ.

ಆಮೇಲೆ ಗುಬ್ಬಿಯ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ. ಅವರು ಟೈರಿನ ಬೆಲೆ ಕೇಳಲಿಲ್ಲ. ಜ್ಯಾಕ್ ಕೊಟ್ಟು, ಚಕ್ರವನ್ನ ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದರು, ಟಕ್ ಟಕ್ ಅಂತು. ಟೈ ರಾಡ್ ಎಂಡ್ ಹೋಗಿದೆ ಅಂದರು. ಮೇಲೆ ಕೆಳಗೆ ಹಿಡಿದು ಬೇರಿಂಗು, ಬಾಲ್ ಜಾಯಿಂಟ್ ನೋಡಿದರು, ಅವು ಸರಿ ಇದ್ದವು. ಸನ್ನೆಕೋಲು ಹಾಕಿ ಎತ್ತಿದಾಗ ಲೋಯರ್ ಆರ್ಮ್ ಬುಷ್ಷಿನ ರಬ್ಬರು ಸೀಳಿರೋದು ಕಾಣಿಸ್ತು. ಕೂಲಿ ಸೇರಿ 1,900 ಆಯ್ತು.

ಹಾಗಾದ್ರೆ ಮೊದಲು ಮಾಡಿಸಿದ ಅಲೈನ್‌ಮೆಂಟ್? ಸರ್ವೆ ಕಲ್ಲೇ ಅಲ್ಲಾಡ್ತಿದ್ರೆ ಚೈನು ಹಿಡಿದು ಅಳೆದು ಏನು ಬಂತು? ಕಾರು ನಿಂತಿದ್ದಾಗ ಕಂಪ್ಯೂಟರಲ್ಲಿ ಎಲ್ಲಾ ಹಸಿರು ತೋರಿಸ್ತು. ರೋಡಿಗಿಳಿದು ಬ್ರೇಕ್ ಹಾಕಿದ ತಕ್ಷಣ ಲೂಸ್ ಬುಷ್ಷು ಜರುಗಿ ಚಕ್ರ ತನಗೆ ಬೇಕಾದ ಕಡೆ ತಿರುಗ್ತಿತ್ತು. ಅದಕ್ಕೇ ಹೇಳ್ತೀನಿ, ಮೊದಲು ಗಾಳಿ, ಆಮೇಲೆ ಜ್ಯಾಕ್ ಕೊಟ್ಟು ಲೂಸ್ ನೋಡಿಸಿ, ಬುಷ್ಷು ಜಾಯಿಂಟು ಹಾಕಿಸಿ, ಆಮೇಲೆ ಅಲೈನ್‌ಮೆಂಟು. ಈ ಸಾಲು ತಪ್ಪಿಸೋ ಅಂಗಡಿಗೆ ದುಡ್ಡು ಕೊಡಬೇಡಿ. "ಅಲ್ಲಾಡಿಸಿ ನೋಡಿದ್ರಾ?" ಅಂತ ನಿಂತು ಕೇಳಿ, ಮೊದಲಿನ ಚೀಟಿ, ಆಮೇಲಿನ ಚೀಟಿ ಎರಡೂ ಇಸ್ಕೊಳ್ಳಿ.

ರೋಡು ಸರಿ ಇಲ್ಲ ಅಂತೀರಿ. ಒಪ್ತೀನಿ, ನಮ್ಮೂರ ರೋಡಿನ ಗುಂಡಿಗಳೇ ಬುಷ್ಷು ತಿಂದಿರೋದು. ಆದರೆ ರೋಡು ಎಲ್ಲರಿಗೂ ಅದೇ. ಪಕ್ಕದ ತೋಟದವರ ಓಮ್ನಿ ಟೈರು ನಾಲ್ಕು ವರ್ಷ ಬಂದಿದೆ. ಅವರು ತಿಂಗಳಿಗೆರಡು ಸಲ ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ಗಾಳಿ ನೋಡಿಸ್ತಾರೆ. ಓಡಿ ಬಿಸಿಯಾದ ಟೈರಲ್ಲಿ ಮೀಟರು ಜಾಸ್ತಿ ತೋರಿಸುತ್ತೆ, ಅದನ್ನ ನಂಬಿ ಗಾಳಿ ಬಿಟ್ಟರೆ ಕೆಟ್ಟಿರಿ.

ಇನ್ನು ಸೆಕೆಂಡ್ ಹ್ಯಾಂಡ್ ಟೈರು. ಗ್ರಿಪ್ಪು ನೋಡಿ ಮರುಳಾಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2315 ಅಂದ್ರೆ 2015ನೇ ಇಸವಿಯ 23ನೇ ವಾರ ತಯಾರಾಗಿದ್ದು. ಅಷ್ಟು ಹಳೇ ರಬ್ಬರು ಒಳಗೇ ಬಿರಿದಿರುತ್ತೆ. ಗ್ರಿಪ್ಪಿನ ಕಾಲುವೆ ಒಳಗೆ ಸಣ್ಣ ದಿಬ್ಬ ಇರುತ್ತೆ, 1.6 ಮಿಲಿಮೀಟರ್. ರಬ್ಬರು ಸವೆದು ಆ ದಿಬ್ಬದ ಸಮಕ್ಕೆ ಬಂದರೆ ಟೈರು ಮುಗೀತು. ಮಳೇಲಿ ಅದು ನೀರು ತಳ್ಳಲ್ಲ, ನೀರಿನ ಮೇಲೆ ತೇಲುತ್ತೆ.

ನನ್ನ ಹತ್ರ ಜ್ಯಾಕು, ಗಾಳಿ ಮೀಟರು ಇದೆ. ಭಾನುವಾರ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಮನೇಲೇ ಇರ್ತೀನಿ. ಗಾಡಿ ತನ್ನಿ, ಇಬ್ಬರೂ ಬಗ್ಗಿ ನೋಡೋಣ. ಹಿಂದಿನ ಚಕ್ರಕ್ಕೆ ಇಡೋಕೆ ಎರಡು ಕಲ್ಲು ನಾನೇ ಎತ್ತಿಟ್ಟಿದೀನಿ.